ಎರಡನೇ ಭೇಟಿ ಇಲ್ಲ ಎಂದುಕೊಂಡೇ: ಯುದ್ಧದ ನಡುವೆ ಶಾಲಾ ಮಕ್ಕಳ ಆರೋಗ್ಯ

ಶಾಂತಿಕಾಲದ ಶಾಲಾ ಆರೋಗ್ಯ ಕಾರ್ಯಕ್ರಮ ನಿಂತಿರುವುದೇ 'ಮುಂದಿನ ಸಲ' ಎಂಬ ಮಾತಿನ ಮೇಲೆ. ಮೊದಲ ಡೋಸ್ ಈಗ, ಎರಡನೆಯದು ತಿಂಗಳು ಬಿಟ್ಟು. ಇವತ್ತು ತೂಕ, ಔಷಧ ಮುಂದಿನ ವಾರ. ಯುದ್ಧ ಶುರುವಾದರೆ ಮೊದಲು ಕೈಕೊಡುವುದು ಈ ಮಾತೇ. ಮುಂದಿನ ವಾರ ರಸ್ತೆ ತೆರೆದಿರುತ್ತದೋ, ಮಕ್ಕಳು ಊರು ಬಿಟ್ಟಿರುತ್ತಾರೋ, ಶಾಲೆಯ ಕಟ್ಟಡವೇ ಉಳಿದಿರುತ್ತದೋ ಹೇಳಲಾಗದು. ಹಾಗಾಗಿ ಪ್ರತಿ ಭೇಟಿಯನ್ನೂ ಕೊನೆಯ ಭೇಟಿ ಎಂದುಕೊಂಡೇ ಶಾಲೆಗಳಿಗೆ ಹೋಗುವ ಆರೋಗ್ಯ ತಂಡದವರಾದ ನಾವು ತಯಾರಿ ಮಾಡುತ್ತೇವೆ.

ಶಾಲೆಗೆ ಹೋದೊಡನೆ ಕೇಳುವುದು ಹಾಜರಿ ಪುಸ್ತಕ. ಎಷ್ಟು ಮಕ್ಕಳು, ಯಾವ ವಯಸ್ಸು, ಯಾರು ಹೊಸದಾಗಿ ಬಂದವರು ಎಂಬುದೆಲ್ಲ ಅದರಲ್ಲಿದೆ. ರೋಗದ ಮೊದಲ ಸುಳಿವು ಸಿಗುವುದೂ ಅಲ್ಲಿಯೇ. ಆದರೆ ಬರಿ 'ಗೈರು' ಎಂದು ಗುರುತಿಸಿದರೆ ಪ್ರಯೋಜನವಿಲ್ಲ. ಶೆಲ್ ಬಿದ್ದ ಮರುದಿನ ಅರ್ಧ ತರಗತಿ ಹೇಗೂ ಖಾಲಿ ಇರುತ್ತದೆ. ಅದಕ್ಕೆ ಶಿಕ್ಷಕರಿಗೆ ನಾಲ್ಕು ಗುರುತು ಕಲಿಸುತ್ತೇವೆ: ಜ್ವರದ ಜೊತೆ ದದ್ದು ಇದ್ದರೆ 'ದ', ಭೇದಿಗೆ 'ಭೇ', ಕೆಮ್ಮಿಗೆ 'ಕೆ', ಹೆದರಿಕೆಯಿಂದಲೋ ಊರು ಬಿಟ್ಟೋ ಬಾರದಿದ್ದರೆ 'ಊ'. ಇದು ಯಾವ ರೋಗ ಎಂದು ಶಿಕ್ಷಕರನ್ನು ಕೇಳುವುದಿಲ್ಲ, ಅದು ಅವರ ಕೆಲಸವಲ್ಲ.

'ದ' ಒಂದೇ ಬಂದರೂ ಅದೇ ದಿನ ಸುದ್ದಿ ಮುಟ್ಟಬೇಕು. ಅದು ದಡಾರವಾಗಿದ್ದರೆ ಎರಡನೆಯ ಮಗುವಿಗಾಗಿ ಕಾಯುವಷ್ಟು ಸಮಯ ಇರುವುದಿಲ್ಲ. 15 ವರ್ಷದೊಳಗಿನ ಯಾವುದೇ ಮಗುವಿನ ಕೈಯೋ ಕಾಲೋ ಪೆಟ್ಟಿಲ್ಲದೆ ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೂ ಹಾಗೆಯೇ, ಅದು ಪೋಲಿಯೊ ಇರಬಹುದು. ಕನಿಷ್ಠ 24 ಗಂಟೆಯ ಅಂತರದಲ್ಲಿ ಎರಡು ಮಲದ ಮಾದರಿ ತೆಗೆಯಬೇಕು, ಆ ಎರಡು ಮಾದರಿಯೂ ಕೈಯೋ ಕಾಲೋ ಸೋತ 14 ದಿನಗಳೊಳಗೆ ಆಗಬೇಕು, ಪ್ರಯೋಗಾಲಯ ಮುಟ್ಟುವತನಕ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಒಂದೇ ತರಗತಿಯಲ್ಲಿ ಒಂದು ವಾರಕ್ಕೆ ಮೂರು 'ಭೇ' ಬಂದರೆ ನೇರ ನೀರಿನ ಟ್ಯಾಂಕಿಗೆ ಹೋಗುತ್ತೇವೆ. ಈ ಮೂರರ ಲೆಕ್ಕ ನಮ್ಮದೇ, ಪುಸ್ತಕದ್ದಲ್ಲ. ಯಾರಿಗೂ ಏನೂ ಇಲ್ಲದ ವಾರವೂ 'ಏನೂ ಇಲ್ಲ' ಎಂಬ ಚೀಟಿ ಬರಲೇಬೇಕು. ಚೀಟಿ ಬರಲಿಲ್ಲ ಎಂದರೆ ರೋಗವಿಲ್ಲ ಎಂದಲ್ಲ, ನೆಟ್‌ವರ್ಕ್ ಹೋಗಿದೆ ಅಥವಾ ಶಿಕ್ಷಕರೇ ಹೋಗಿದ್ದಾರೆ. ಫೋನು ಸತ್ತಾಗ ನೀರಿನ ಟ್ಯಾಂಕರ್ ಚಾಲಕನ ಕೈಯಲ್ಲಿ ಕಳಿಸಿದ ಚೀಟಿ ಎಲ್ಲಕ್ಕಿಂತ ಬೇಗ ಬರುತ್ತದೆ.

ಇನ್ನು ಲಸಿಕೆ. ಕಾರ್ಡ್ ಇಲ್ಲದ ಮಗುವಿಗೆ ಲಸಿಕೆ ಆಗಿಲ್ಲ ಎಂದೇ ಲೆಕ್ಕ. ಒಂದು ಡೋಸ್ ಹೆಚ್ಚಾದರೆ ತೊಂದರೆಯಿಲ್ಲ, ತಪ್ಪಿದರೆ ಇದೆ. ಸಂಘರ್ಷದ ಪ್ರದೇಶದಲ್ಲಿ ದಡಾರದ ಲಸಿಕೆಯನ್ನು 6 ತಿಂಗಳಿಂದ 15 ವರ್ಷದವರೆಗೆ ಕೊಡುವುದು ರೂಢಿ. ಅದೇ ದಿನ ಇನ್ನೊಂದು ತೋಳಿಗೆ ಧನುರ್ವಾಯು-ಗಂಟಲಮಾರಿ ಲಸಿಕೆ (7 ವರ್ಷ ದಾಟಿದವರಿಗೆ ಟಿಡಿ ಎಂಬ ಅದರ ರೂಪ), ಪೋಲಿಯೊ ಅಭಿಯಾನವಿದ್ದರೆ ಬಾಯಿಗೆ ಎರಡು ಹನಿ. ಒಂದೇ ದಿನ ಎರಡು ಚುಚ್ಚುಮದ್ದು ಬೇಡ ಎನ್ನುವ ಪೋಷಕರು ಎಲ್ಲೆಡೆ ಇರುತ್ತಾರೆ. ಅವರ ಜೊತೆ ಹತ್ತು ನಿಮಿಷ ಕೂತು ಮಾತಾಡುವುದು ಮೇಲು, ಏಕೆಂದರೆ 'ಇನ್ನೊಂದು ದಿನ ಹಾಕಿಸಿ' ಎಂದು ಹೇಳುವ ಸೌಲಭ್ಯ ನಮಗಿಲ್ಲ.

300 ಮಕ್ಕಳ ಶಾಲೆಗೆ ದಡಾರ-ರುಬೆಲ್ಲಾ ಲಸಿಕೆಯ ಲೆಕ್ಕ ಹೀಗೆ: ಪೋಲಾಗುವುದಕ್ಕೆಂದು ಶೇ 15 ಹೆಚ್ಚು ಸೇರಿಸಿದರೆ 345 ಡೋಸ್, ಅಂದರೆ 10 ಡೋಸಿನ 35 ವಯಲ್ (ಲಸಿಕೆಯ ಪುಟ್ಟ ಬಾಟಲಿ). ಅಷ್ಟೇ ಸಂಖ್ಯೆಯ ಡೈಲ್ಯೂಯೆಂಟ್ (ಲಸಿಕೆಯ ಪುಡಿ ಕಲಸುವ ದ್ರವ), ಅದೂ ಅದೇ ತಯಾರಕರದು. ಹೆಚ್ಚುವರಿಯೂ ಸೇರಿ, ಒಮ್ಮೆ ಮಾತ್ರ ಬಳಸಬಹುದಾದ 0.5 ಮಿ.ಲೀ. ಆಟೋ-ಡಿಸೇಬಲ್ ಸಿರಿಂಜ್ 330, ಕಲಸಲು 5 ಮಿ.ಲೀ. ಸಿರಿಂಜ್ 39, ಬಳಸಿದ ಸೂಜಿ ಹಾಕುವ ಐದು ಲೀಟರಿನ ಸೇಫ್ಟಿ ಬಾಕ್ಸ್ 5. ಟಿಡಿಗೆ ಇದೇ ರೀತಿ ಬೇರೆ ಲೆಕ್ಕ. ಒಂದು ಚುಚ್ಚುವ ತಂಡ ದಿನಕ್ಕೆ 100ರಿಂದ 150 ಮಕ್ಕಳನ್ನು ಮುಗಿಸಬಲ್ಲದು. ಒಂದೇ ದಿನ ಸಿಗುವುದಾದರೆ ಮೂರು ತಂಡ ಒಯ್ಯಬೇಕು, ಎರಡರಲ್ಲಿ ಎಳೆದಾಡಬಾರದು.

ಕೆಡುವುದು ಎಲ್ಲಿ? ಮೊದಲನೆಯದು ಐಸ್ ಪ್ಯಾಕ್. ಫ್ರೀಜರಿನಿಂದ ನೇರ ತೆಗೆದು ಲಸಿಕೆ ಒಯ್ಯುವ ತಂಪು ಪೆಟ್ಟಿಗೆಗೆ (ಕ್ಯಾರಿಯರ್) ಇಟ್ಟರೆ ಟಿಡಿ ಹೆಪ್ಪುಗಟ್ಟಿ ಕೆಲಸಕ್ಕೆ ಬಾರದಾಗುತ್ತದೆ, ನೋಡಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆ ತುಂಬಬೇಕು. ಸೈರನ್ ಕೂಗುವಾಗ ಈ ಅರ್ಧ ಗಂಟೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಆದ್ದರಿಂದ ಪ್ಯಾಕ್ ಹೊರಗಿಡುವುದೇ ಆ ದಿನದ ಮೊದಲ ಕೆಲಸ. ಎರಡನೆಯದು ಕಲಸಿದ ದಡಾರ ಲಸಿಕೆ. ಆರು ಗಂಟೆ ಅಥವಾ ಶಿಬಿರದ ಕೊನೆ, ಯಾವುದು ಮೊದಲೋ ಆಗ ಎಸೆಯಬೇಕು. ಮುಚ್ಚಳ ತೆಗೆದರೆ ಅದರ ಮೇಲಿನ ಶಾಖ ಸೂಚಕವೂ ಹೋಗುತ್ತದೆ, ಹಾಗಾಗಿ ಕಲಸಿದ ಗಂಟೆಯನ್ನು ವಯಲ್ ಮೇಲೆಯೇ ಬರೆಯುತ್ತೇವೆ. ದಾಳಿಯಾಗಿ ಎಲ್ಲರೂ ನೆಲಮಾಳಿಗೆಗೆ ಇಳಿದರೆ ಕ್ಯಾರಿಯರ್ ಯಾರ ಕೈಯಲ್ಲಿರಬೇಕು ಎಂಬುದು ಬೆಳಿಗ್ಗೆಯೇ ತೀರ್ಮಾನವಾಗಿರುತ್ತದೆ. ತೆರೆದ ವಯಲ್‌ಗಳನ್ನು ಮೇಲೆಯೇ ಬಿಡುತ್ತೇವೆ. ಅವುಗಳಿಗಾಗಿ ಯಾರೂ ಮೆಟ್ಟಿಲು ಹತ್ತುವಂತಿಲ್ಲ.

ಮೂರನೆಯದು ತಲೆಸುತ್ತು. ಹದಿಹರೆಯದ ಒಬ್ಬಳು ಬಿದ್ದರೆ ಸಾಲಿನಲ್ಲಿ ನಿಂತ ಹತ್ತು ಮಂದಿ ಬೀಳುತ್ತಾರೆ. ರಾತ್ರಿ ನಿದ್ದೆಯಿಲ್ಲದ, ಬೆಳಿಗ್ಗೆ ಏನೂ ತಿನ್ನದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಸೂಜಿ ಚುಚ್ಚುವುದು ಸಾಲಿನವರಿಗೆ ಕಾಣದಂತೆ ಪರದೆ ಕಟ್ಟಿ, ಕೂರಿಸಿಯೇ ಚುಚ್ಚಿ, ಮೊದಲೇ ಏನಾದರೂ ತಿನ್ನಿಸಿ. ಬರಿ ಮೂರ್ಛೆಯಾದರೆ ಮುಖ ಬಿಳಿಚಿ ನಾಡಿ ನಿಧಾನವಾಗಿರುತ್ತದೆ, ಮಲಗಿಸಿದರೆ ಸರಿಹೋಗುತ್ತದೆ. ಮೈಮೇಲೆ ಗಂಧೆ, ಮುಖದ ಊತ, ಉಬ್ಬಸ, ವೇಗದ ದುರ್ಬಲ ನಾಡಿ ಕಂಡರೆ ಅದು ಬೇರೆಯೇ, ಜೀವಕ್ಕೆ ಅಪಾಯವಾಗುವ ಅಲರ್ಜಿ. ಆಗ 1:1000 ಅಡ್ರಿನಲಿನ್ ಅನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು: 6ರಿಂದ 12 ವರ್ಷದವರಿಗೆ 0.3 ಮಿ.ಲೀ., ಅದಕ್ಕೂ ಚಿಕ್ಕವರಿಗೆ 0.15. ಈ ಅಳತೆಯ ಚೀಟಿಯನ್ನು ಔಷಧದ ಜೊತೆಗೇ ಅಂಟಿಸಿಡುತ್ತೇವೆ.

ಲಸಿಕೆಗಾಗಿ ಗುಂಡು ನಿಲ್ಲಿಸುವುದು ಹೊಸದಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಲ್ಲಿ 1985ರಲ್ಲೇ ಎರಡೂ ಕಡೆಯವರು ಮಕ್ಕಳ ಲಸಿಕೆಗೆಂದು ದಿನ ಬಿಟ್ಟುಕೊಟ್ಟಿದ್ದರು. ಗಾಜಾದಲ್ಲಿ 2024ರಲ್ಲಿ ಮೊದಲು ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಿತು, ಆಗಸ್ಟ್‌ನಲ್ಲಿ ಹಸುಗೂಸೊಂದರ ಕಾಲು ಸೋತದ್ದು ದೃಢಪಟ್ಟಿತು. ಸೆಪ್ಟೆಂಬರ್‌ನಲ್ಲಿ ಒಂದೊಂದು ಪ್ರದೇಶಕ್ಕೂ ಕೆಲವು ಗಂಟೆಗಳ ವಿರಾಮ ಪಡೆದು 10 ವರ್ಷದೊಳಗಿನ ಸುಮಾರು 5.6 ಲಕ್ಷ ಮಕ್ಕಳಿಗೆ ಮೊದಲ ಸುತ್ತಿನ ಹನಿ ಹಾಕಲಾಯಿತು. ವಿರಾಮ ಸಿಕ್ಕಿದರೂ ನಾವು ಇಡೀ ಶಾಲೆಯನ್ನು ಒಟ್ಟಿಗೆ ಅಂಗಳಕ್ಕೆ ಕರೆಯುವುದಿಲ್ಲ. ತರಗತಿಯಂತೆ 30–40 ಮಂದಿ, ಒಂದು ಬಾಗಿಲಿಂದ ಒಳಗೆ, ಇನ್ನೊಂದರಿಂದ ಹೊರಗೆ. ಶಸ್ತ್ರಧಾರಿ ಯಾರೂ ಆವರಣದೊಳಗೆ ಬರುವಂತಿಲ್ಲ, ಕಾವಲಿನ ನೆಪದಲ್ಲೂ.

ನೀರಿಗೆ ಪ್ರತಿ ಮಗುವಿಗೆ ದಿನಕ್ಕೆ 3 ಲೀಟರ್, ಕುಡಿಯಲು ಮತ್ತು ಕೈ ತೊಳೆಯಲು ಮಾತ್ರ, ಶೌಚಾಲಯದ್ದು ಬೇರೆ. 300 ಮಕ್ಕಳಿಗೆ 900 ಲೀಟರ್, ಅಂದರೆ ಸಾವಿರ ಲೀಟರಿನ ಒಂದು ಟ್ಯಾಂಕ್. ಆ ನೀರಿಗೆ ಕ್ಲೋರಿನ್ ಹಾಕಲು ಮೊದಲು ಗಟ್ಟಿ ದ್ರಾವಣ ಬೇಕು: ಶೇ 65–70ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಇದ್ದರೆ 15 ಗ್ರಾಂ, ಸಾಮಾನ್ಯ ಬ್ಲೀಚಿಂಗ್ ಪೌಡರ್ ಆದರೆ 33 ಗ್ರಾಂ, ಒಂದು ಲೀಟರ್ ನೀರಿಗೆ ಕಲಸಿ ಗಷ್ಟು ಕೆಳಗಿಳಿಯಲು ಬಿಟ್ಟರೆ ಶೇ 1ರ ತಾಯಿದ್ರಾವಣ ಸಿದ್ಧ. ಪ್ಲಾಸ್ಟಿಕ್ ಬಾಟಲಿಯಲ್ಲಿ, ಕತ್ತಲಲ್ಲಿ, ಹೆಚ್ಚೆಂದರೆ ಒಂದು ವಾರ ಇಡಬಹುದು.

ಟ್ಯಾಂಕಿಗೆ ಎಷ್ಟು ಹಾಕಬೇಕೆಂದು ಊಹಿಸುವುದಿಲ್ಲ, ಬಕೆಟ್‌ಗಳೇ ಹೇಳುತ್ತವೆ. 20 ಲೀಟರಿನ ನಾಲ್ಕು ಬಕೆಟ್ಟಿಗೆ 1, 1.5, 2, 2.5 ಮಿ.ಲೀ. ತಾಯಿದ್ರಾವಣ ಹಾಕಿ, 30 ನಿಮಿಷ ಬಿಟ್ಟು ಅಳೆದರೆ, ಯಾವುದರಲ್ಲಿ ಲೀಟರಿಗೆ 0.5 ಮಿ.ಗ್ರಾಂ ಆಸುಪಾಸು ಕ್ಲೋರಿನ್ ಉಳಿದಿದೆಯೋ ಅದೇ ಪ್ರಮಾಣ. 2 ಮಿ.ಲೀ. ಬಕೆಟ್ ಗೆದ್ದರೆ ಸಾವಿರ ಲೀಟರಿಗೆ 100 ಮಿ.ಲೀ. ನಾಲ್ಕರಲ್ಲೂ ಏನೂ ಉಳಿಯದಿದ್ದರೆ ನೀರು ಕೊಳಕಾಗಿದೆ ಅಥವಾ ಪುಡಿ ಹಳೆಯದಾಗಿದೆ. ಬಗ್ಗಡ ನೀರಾದರೆ ಮೊದಲು ತಿಳಿಯಾಗಿಸಬೇಕು, ಸುಮ್ಮನೆ ಪುಡಿ ಸುರಿದರೆ ಆಗದು.

ಇಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕ್ಲೋರಿನ್ ತೀರಾ ಹೆಚ್ಚಾದಾಗ, ಅದನ್ನು ಅಳೆಯಲು ಮಾದರಿಗೆ ಹಾಕುವ ಡಿಪಿಡಿ ಗುಳಿಗೆಯ ಗುಲಾಬಿ ಬಣ್ಣವೇ ಮಾಯವಾಗುತ್ತದೆ. ನೋಡಿದವರು ಕ್ಲೋರಿನ್ ಇಲ್ಲವೆಂದು ಇನ್ನಷ್ಟು ಸುರಿಯುತ್ತಾರೆ. ಬಣ್ಣ ಬಾರದೆ ಮೂಗಿಗೆ ಘಾಟು ಬಂದರೆ, ಮಾದರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರನ್ನು ಹತ್ತು ಪಟ್ಟು ಬೆರೆಸಿ ಮತ್ತೆ ನೋಡಿ. ಎರಡನೆಯದಾಗಿ, ಟ್ಯಾಂಕಿನ ಬಾಯಲ್ಲಿ ಅಳೆದು ಸಮಾಧಾನಪಡುವುದು. ಅಳೆಯಬೇಕಾದ್ದು ಮಕ್ಕಳು ಕುಡಿಯುವ ಕೊನೆಯ ನಲ್ಲಿಯಲ್ಲಿ. ಬಾಂಬ್ ದಾಳಿಯಿಂದ ಪೈಪ್ ಒಡೆದು ಒತ್ತಡ ಇಳಿದಾಗ ಪಕ್ಕದ ಚರಂಡಿ ನೀರನ್ನು ಪೈಪ್ ಒಳಗೆಳೆದುಕೊಳ್ಳುತ್ತದೆ, ನೀರು ಮರಳಿ ಬಂದ ಮೊದಲ ಹೊತ್ತಿನದನ್ನು ಹೊರಗೆ ಬಿಡಬೇಕು. ವಾಸನೆ ಹೆಚ್ಚಾದರೂ ಕಷ್ಟವೇ: ಮಕ್ಕಳು ಮುಖ ಸಿಂಡರಿಸಿ ಹೊರಗಿನ ಬಾವಿಗೆ ಹೋಗುತ್ತಾರೆ.

ಶೌಚಾಲಯದ ಅಳತೆ 30 ಹುಡುಗಿಯರಿಗೆ ಒಂದು, 60 ಹುಡುಗರಿಗೆ ಒಂದು. ಒಳಗಿನಿಂದ ಚಿಲಕ, ಬೆಳಕು, ಮುಚ್ಚಳದ ಕಸದ ಬುಟ್ಟಿ ಇಲ್ಲದಿದ್ದರೆ ದೊಡ್ಡ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಶಾಲೆ ಬಿಡುತ್ತಾರೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಗುರುತೇ ಇರುವುದಿಲ್ಲ.

ಪಾಠ ನೆಲಮಾಳಿಗೆಗೆ ಇಳಿದರೆ ಭಯಪಡಬೇಕಾದದ್ದು ಜನರೇಟರ್ ಹೊಗೆಗೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಜನರೇಟರ್ ಕಟ್ಟಡದ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಹೊಗೆಕೊಳವೆ ಆಚೆಗೆ ಮುಖ ಮಾಡಿ ಇರಬೇಕು. ಜ್ವರವಿಲ್ಲದೆ ಮೂರ್ನಾಲ್ಕು ಮಕ್ಕಳಿಗೆ ಒಮ್ಮೆಗೇ ತಲೆನೋವು, ವಾಕರಿಕೆ ಬಂದರೆ ಊಟದ ತಪ್ಪು ಹುಡುಕುತ್ತಾ ಕೂರಬಾರದು. ಜನರೇಟರ್ ಆರಿಸಿ ಎಲ್ಲರನ್ನೂ ಗಾಳಿಗೆ ಒಯ್ಯಬೇಕು.

ಒತ್ತೊತ್ತಾಗಿ ಮಲಗುವಲ್ಲಿ ಕಜ್ಜಿ ಬರುವುದು ಖಚಿತ. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ರಾತ್ರಿ ಹೆಚ್ಚುವ ತುರಿಕೆ. ಶೇ 5ರ ಪರ್ಮೆಥ್ರಿನ್ ಅನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ 8ರಿಂದ 12 ಗಂಟೆ ಬಿಟ್ಟು ತೊಳೆಯಬೇಕು, ವಾರದ ಮೇಲೆ ಇನ್ನೊಮ್ಮೆ. ಎರಡನೇ ಸಲದ ಟ್ಯೂಬನ್ನೂ ಅದೇ ದಿನ, ದಿನಾಂಕ ಬರೆದು ಕೊಟ್ಟುಬಿಡುತ್ತೇವೆ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಹುಳ ಸತ್ತರೂ ತುರಿಕೆ ಎರಡರಿಂದ ನಾಲ್ಕು ವಾರ ಉಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ದಿನಾ ಹಚ್ಚಿ ಚರ್ಮ ಸುಟ್ಟುಕೊಳ್ಳುತ್ತಾರೆ. ಬಟ್ಟೆ ಒಗೆಯಲು ನೀರಿಲ್ಲವೇ? ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಟ್ಟರೆ ಸಾಕು. ಮನೆಮಂದಿಗೆಲ್ಲ ಆಗುವಷ್ಟು ಔಷಧವಿಲ್ಲದಿದ್ದರೆ ನಾವು ಅರ್ಧ ತರಗತಿಗೆ ಹಂಚುವುದಿಲ್ಲ, ಕೆಲವು ಮನೆಗಳನ್ನು ಪೂರ್ತಿ ಮುಗಿಸುತ್ತೇವೆ.

ಧೂಳು, ಹೊಗೆಯಲ್ಲಿ ಆಸ್ತಮಾ ಮಕ್ಕಳಿಗೆ ಸಾಲ್ಬುಟಮಾಲ್ ಇನ್ಹೇಲರ್ ಇದ್ದರೂ, ಅದಕ್ಕೂ ಬಾಯಿಗೂ ನಡುವೆ ಇಡುವ ಕೊಳವೆ, ಅಂದರೆ ಸ್ಪೇಸರ್ ಇರುವುದಿಲ್ಲ. 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೆ ಸ್ಪೇಸರ್ ಆಯಿತು. ಸೋಪು ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿ. ಒರೆಸಿದರೆ ಸ್ಥಿರವಿದ್ಯುತ್ತಿಗೆ ಔಷಧ ಗೋಡೆಗೇ ಅಂಟುತ್ತದೆ. ಒಂದು ಸಲಕ್ಕೆ ಒಂದೇ ಪಫ್, ಐದಾರು ಉಸಿರು, ಆಮೇಲೆ ಮುಂದಿನದು.

ಮನಸ್ಸಿನ ವಿಷಯಕ್ಕೆ ನಮ್ಮದು ಚಿಕ್ಕ ನಿಯಮ: ನಡೆದದ್ದನ್ನು ಹೇಳು ಎಂದು ಮಗುವನ್ನು ಒತ್ತಾಯಿಸುವುದಿಲ್ಲ. ಒಮ್ಮೆ ಬಂದು ಎಲ್ಲ ಕಕ್ಕಿಸಿ ಹೊರಟುಹೋಗುವವರಿಗಿಂತ ದಿನಾ ಅದೇ ಹೊತ್ತಿಗೆ ಬಾಗಿಲು ತೆರೆಯುವ ಶಿಕ್ಷಕರು ಹೆಚ್ಚು ಕೆಲಸ ಮಾಡುತ್ತಾರೆ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಹತ್ತು ವರ್ಷದವನಿಗೆ ಬೈಗುಳದ ಬದಲು ಇನ್ನೊಂದು ಚಡ್ಡಿ ಬೇಕು.

ಹೊರಡುವ ಮುನ್ನ ಪ್ರತಿ ಮಗುವಿನ ಕೈಗೆ ಕಾರ್ಡ್. ಹೆಸರು, ಹುಟ್ಟಿದ ವರ್ಷ, ಯಾವ ಲಸಿಕೆ ಯಾವ ದಿನ, ಬ್ಯಾಚ್ ಸಂಖ್ಯೆ, ದೀರ್ಘ ಕಾಯಿಲೆ, ಔಷಧ ಮತ್ತು ಅಳತೆ, ಅಲರ್ಜಿ ಇಷ್ಟೇ ಅದರಲ್ಲಿರುವುದು. ವಿಳಾಸ, ಧರ್ಮ, ತಂದೆಯ ಉದ್ಯೋಗ ಬರೆಯುವುದಿಲ್ಲ. ತಪಾಸಣಾ ಠಾಣೆಯಲ್ಲಿ ಆ ಸಾಲುಗಳೇ ಜೀವಕ್ಕೆ ಮುಳುವಾಗಬಹುದು. ಬಾಲ್‌ಪೆನ್‌ನಲ್ಲಿ ಬರೆದು, ಜಿಪ್ ಚೀಲಕ್ಕೆ ಹಾಕಿ, ಮನೆಯವರ ಫೋನಿನಲ್ಲಿ ಒಂದು ಚಿತ್ರ ತೆಗೆಸಿ, ಬ್ಯಾಗಿನ ಒಳಗೆ ಹೊಲಿದುಬಿಡುತ್ತೇವೆ. ಕುತ್ತಿಗೆಗೆ ನೇತುಹಾಕಿದ ಕಾರ್ಡ್ ಮೊದಲ ದಿನದ ಆಟದಲ್ಲೇ ಕಳೆದುಹೋಗುತ್ತದೆ.