ಮೆಷಿನಿನ ಪೆಟ್ರೋಲಿಗೆ ನೀರಿನ ಬಾಟಲಿ ಬೇಡ

ಮಳೆ ಹಿಡಿದ ಮೇಲೆ ಉಡುಪಿ ಕಡೆ ಯಾವ ಮನೆಯ ಹಿತ್ತಲಲ್ಲೂ ಹುಲ್ಲು ತೆಗೆಯುವ ಮೆಷಿನಿನ ಸದ್ದು. ಅಡಿಕೆ ತೋಟ ಇದ್ದವರಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವ ಪಂಪೂ ಬೇಕು. ಇವಕ್ಕೆಲ್ಲ ಪೆಟ್ರೋಲ್ ಬರುವುದು ಹೆಚ್ಚಾಗಿ ನೀರಿನ ಖಾಲಿ ಬಾಟಲಿಯಲ್ಲಿ, ಅಲ್ವಾ? ನಾನೂ ಹಾಗೇ ತರುತ್ತಿದ್ದೆ. ಒಂದು ಮೇ ತಿಂಗಳ ಮಧ್ಯಾಹ್ನ ಸ್ಕೂಟರಿನ ಸೀಟು ಎತ್ತಿದರೆ ಬಾಟಲಿ ಉಬ್ಬಿತ್ತು, ಮುಚ್ಚಳದ ಸಂದಿಯಿಂದ ಪೆಟ್ರೋಲ್ ಒಸರುತ್ತಿತ್ತು. ಅವತ್ತೇ ಬಾಟಲಿ ಬಿಟ್ಟೆ.

ಮೊದಲು ಎಷ್ಟು ಬೇಕು ಅಂತ ನೋಡಿಕೊಳ್ಳಿ. ಮನೆ ತೋಟದ ಕೆಲಸಕ್ಕೆ 5 ಲೀಟರಿನ ಕ್ಯಾನ್ ಸಾಕು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಸ್ವಂತ ಬಳಕೆಗೆ 30 ಲೀಟರ್ ತನಕ ಲೈಸನ್ಸ್ ಬೇಡ. ಆದರೆ ಪಾತ್ರೆ ಗಾಜಿನದ್ದು, ಪಿಂಗಾಣಿಯದ್ದು ಅಥವಾ ಲೋಹದ್ದಾಗಿರಬೇಕು, ಮುಚ್ಚಳ ಭದ್ರವಾಗಿರಬೇಕು. ಗಾಜು, ಪಿಂಗಾಣಿಯ ಒಂದೊಂದು ಪಾತ್ರೆಗೆ 1 ಲೀಟರ್ ಮಿತಿ, ಲೋಹದ್ದಕ್ಕೆ 25 ಲೀಟರ್. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಗಾಜು ಕೈಜಾರಿದರೆ ಮುಗಿಯಿತು. ಹಾಗಾಗಿ ನನ್ನ ಆಯ್ಕೆ ಲೋಹದ ಕ್ಯಾನೇ.

ಕೊಳ್ಳುವಾಗ ಮುಚ್ಚಳವನ್ನೇ ಹೆಚ್ಚು ಹೊತ್ತು ನೋಡಿ. ತಿರುಗಿಸಿ ಬಿಗಿಯುವಂತಿರಬೇಕು, ಒಳಗೆ ಪೆಟ್ರೋಲಿಗೆ ಕರಗದ ವಾಷರ್ ಇರಬೇಕು. ಒತ್ತಿ ಮುಚ್ಚುವ ಹಳೆಯ ಪೇಂಟ್ ಡಬ್ಬಿ ಬೇಡವೇ ಬೇಡ. ಮನೆಗೆ ತಂದು ನೀರು ತುಂಬಿ ತಲೆಕೆಳಗಾಗಿ ಹತ್ತು ನಿಮಿಷ ಇಡಿ. ಒಂದು ಹನಿಯೂ ಬರಬಾರದು. ಆಮೇಲೆ ಪೂರ್ತಿ ಒಣಗಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿದು ನಿಲ್ಲುತ್ತವೆ, ಮೆಷಿನ್ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಉಪ್ಪುಗಾಳಿಗೆ ಕ್ಯಾನ್ ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಒಳಗೂ ಹೊರಗೂ ನೋಡಿ.

ಬಂಕಿನಲ್ಲಿ ಕ್ಯಾನನ್ನು ಸ್ಕೂಟರಿನ ಮೇಲೋ ಕಾರಿನ ಡಿಕ್ಕಿಯಲ್ಲೋ ಇಟ್ಟು ತುಂಬಿಸಬೇಡಿ. ನೆಲದ ಮೇಲಿಡಿ. ಪೈಪಿನ ಮೂತಿ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ. ಪೆಟ್ರೋಲ್ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಅದು ನೆಲಕ್ಕೆ ಇಳಿದು ಹೋಗಬೇಕು. ಇಲ್ಲವಾದರೆ ಒಂದು ಸಣ್ಣ ಕಿಡಿ ಸಾಕು. ಕಂಠದ ತನಕ ತುಂಬಿಸಬೇಡಿ, 5 ಲೀಟರಿನ ಕ್ಯಾನಿಗೆ ನಾಲ್ಕೂವರೆ ಸಾಕು. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ.

ಕ್ಯಾನ್ ನೆಟ್ಟಗೆ, ಅಲುಗಾಡದಂತೆ ಇರಲಿ. ಸೀದಾ ಮನೆಗೆ ಬನ್ನಿ. ದಾರಿಯಲ್ಲಿ ಮೀನು ಮಾರ್ಕೆಟ್ಟಿಗೆ ಇಳಿದು ಗಾಡಿಯನ್ನು ಬಿಸಿಲಲ್ಲಿ ಬಿಡಬೇಡಿ. ಬಸ್ಸು, ರೈಲಿನಲ್ಲಂತೂ ಒಯ್ಯಲೇಬಾರದು.

ಮನೆಯಲ್ಲಿ ಎಲ್ಲಿ ಇಡುವುದು? ನಮ್ಮ ಕಡೆ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಬಚ್ಚಲಿನ ಹಂಡೆ ಒಲೆಯ ಪಕ್ಕ ಕಟ್ಟಿಗೆ, ಕಟ್ಟಿಗೆಯ ಪಕ್ಕ ಪೆಟ್ರೋಲ್. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೀರಿನ ಹಾಗೆ ನೆಲಕ್ಕೆ ಅಂಟಿಕೊಂಡು ತಗ್ಗಿಗೆ ಹರಿಯುತ್ತದೆ. ಕ್ಯಾನ್ ದೂರ ಇದ್ದರೂ ಆವಿ ಒಲೆಯ ತನಕ ಹೋಗಬಹುದು. ಮೆಟ್ಟಿಲ ಕೆಳಗೆ, ಇನ್ವರ್ಟರ್ ಬಳಿಯೂ ಬೇಡ. ಮನೆಯಿಂದ ಬೇರೆಯಾದ, ಗಾಳಿಯಾಡುವ, ನೆರಳಿನ ಶೆಡ್ಡಿನಲ್ಲಿ ಬೀಗ ಹಾಕಿ ಇಡಿ.

ಟೂ ಸ್ಟ್ರೋಕ್ ಮೆಷಿನ್ ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದ್ದು, ಹಾಗೆ ಬೆರೆಸಿದ್ದಕ್ಕೆ ಬೇರೆಯೇ ಕ್ಯಾನ್ ಬೇಕು. 50ಕ್ಕೆ 1 ಎಂದು ಮೆಷಿನಿನ ಪುಸ್ತಕದಲ್ಲಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಕ್ಯಾನಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೆಂಪು ಆಯಿಲ್ ಬೆರೆತ ಪೆಟ್ರೋಲ್ ಬಾಟಲಿಯಲ್ಲಿದ್ದರೆ ಮಕ್ಕಳ ಕಣ್ಣಿಗೆ ಪುನರ್ಪುಳಿ ಶರಬತ್ತೇ. ದಣಿದು ಬಂದ ಕೆಲಸದವರೂ ಬಾಟಲಿ ಎತ್ತಿ ಬಾಯಿಗೆ ಸುರಿದುಕೊಳ್ಳಬಹುದು. ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ಪೆಟ್ರೋಲ್ ಶ್ವಾಸಕೋಶಕ್ಕೆ ಹೊಕ್ಕರೆ ಇನ್ನೂ ಅಪಾಯ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಳೆಗಾಲ ಮುಗಿದ ಮೇಲೆ ಆಯಿಲ್ ಬೆರೆಸದ ಪೆಟ್ರೋಲ್ ಉಳಿದಿದ್ದರೆ ಸ್ಕೂಟರಿಗೆ ಹಾಕಿ ಮುಗಿಸಿ. ಕ್ಯಾನ್ ತೂತಾದರೆ ವೆಲ್ಡಿಂಗಿಗೆ ಮಾತ್ರ ಕೊಡಬೇಡಿ. ಖಾಲಿ ಕ್ಯಾನಿನಲ್ಲೂ ಆವಿ ತುಂಬಿರುತ್ತದೆ.