ಒಂದೇ ಮೇಲ್ ಸರ್ವರಲ್ಲಿ ಮೂರ್ನಾಲ್ಕು ಡೊಮೇನು: ಸಣ್ಣ ವ್ಯಾಪಾರದವರು ಹೇಗೆ ಮಾಡ್ಕೋಬೇಕು

ಮೈಸೂರಲ್ಲಿ ಒಂದೇ ಮನೆಯವರು ಎರಡು ಮೂರು ವ್ಯಾಪಾರ ನಡೆಸೋದು ಮಾಮೂಲಿ. ಅಪ್ಪಂದು ಅಗರಬತ್ತಿ ಇರುತ್ತೆ, ಮಗ ಚಾಮುಂಡಿ ಬೆಟ್ಟದ ಕಡೆ ಒಂದು ಹೋಮ್‌ಸ್ಟೇ ಮಾಡಿರ್ತಾನೆ, ಅಳಿಯ ಮಂಡ್ಯದ ಆಲೆಮನೆಗಳಿಂದ ಬೆಲ್ಲ ತರಿಸಿ ಆನ್‌ಲೈನಲ್ಲಿ ಮಾರ್ತಿರ್ತಾನೆ. ಮೂರಕ್ಕೂ ಮೂರು ಡೊಮೇನು, ಅಗರಬತ್ತಿಗಂತೂ ಡಾಟ್ ಕಾಮ್ ಒಂದು ಡಾಟ್ ಇನ್ ಒಂದು. ಇವಕ್ಕೆಲ್ಲ ತಲೆಗಿಷ್ಟು ಅಂತ ತಿಂಗಳು ತಿಂಗಳು ದುಡ್ಡು ಕಟ್ಟೋ ಬದಲು ಒಂದೇ ಸರ್ವರಲ್ಲಿ ಎಲ್ಲಾ ಇಟ್ಕೋಬಹುದಾ ಅಂತ ಕೇಳ್ತಾರೆ. ಇಟ್ಕೋಬಹುದು, ಆರಾಮಾಗಿ. ಮೇಲ್ ಕಳಿಸೋ ತರಿಸೋ ಪೋಸ್ಟ್‌ಫಿಕ್ಸ್, ಬಂದ ಮೇಲನ್ನ ಡಬ್ಬೀಲಿಟ್ಟು ಓದೋಕೆ ಕೊಡೋ ಡವ್‌ಕಾಟ್, ಈ ಎರಡು ಸಾಫ್ಟ್‌ವೇರು ಈ ಕೆಲಸಕ್ಕೆ ಹೇಳಿ ಮಾಡಿಸಿದಂಗಿವೆ, ಎರಡೂ ಪುಕ್ಕಟೆ ಸಿಗುತ್ತೆ.

ಆದ್ರೆ ಒಂದು ವಿಷಯ ಮೊದಲೇ ತಲೇಲಿ ಕೂರಿಸ್ಕೊಳ್ಳಿ. ಹಳೇ ಮೈಸೂರಿನ ವಠಾರ ನೋಡಿರ್ತೀರಲ್ಲ, ಗೇಟು ಒಂದೇ, ಬಾವಿ ಒಂದೇ, ಪ್ರತಿ ಮನೆಗೂ ಮಾತ್ರ ಅದರದೇ ಬಾಗಿಲು ಅದರದೇ ಬೀಗ. ಇಲ್ಲೂ ಅಷ್ಟೇ. ಐಪಿ (ನೆಟ್ಟಲ್ಲಿ ಸರ್ವರಿನ ನಂಬರ್ ವಿಳಾಸ), ಸರ್ವರ್ ಹೆಸರು, ಟಿಎಲ್‌ಎಸ್ ಸರ್ಟಿಫಿಕೇಟು (ಸಂಪರ್ಕವನ್ನ ಗುಟ್ಟಾಗಿಡೋಕೆ) ಎಲ್ಲರಿಗೂ ಸೇರಿ ಒಂದು. ಮೇಲ್‌ಬಾಕ್ಸು, ಲಾಗಿನ್ನು, ಡಿಕಿಮ್ ಕೀ (ಹೊರಡೋ ಮೇಲಿಗೆ ಡೊಮೇನಿನ ಸಹಿ ಹಾಕೋದು), ಯಾರ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅನ್ನೋದು, ಇದೆಲ್ಲ ಡೊಮೇನಿಗೊಂದು. ಒಟ್ಟಿಗಿರೋದನ್ನ ಬೇರೆ ಮಾಡಕ್ಕೆ ಹೋದಾಗ, ಬೇರೆ ಇರಬೇಕಾದ್ದನ್ನ ಒಟ್ಟಿಗೆ ಹಾಕಿದಾಗಲೇ ಮೇಲ್ ಸ್ಪ್ಯಾಮಿಗೆ ಹೋಗೋದು, ಒಬ್ಬರ ಮೇಲ್ ಇನ್ನೊಬ್ಬರ ಕೈಗೆ ಸೇರೋದು.

ಸರ್ವರ್ ಎಲ್ಲಿಡೋದು

ಅಂಗಡಿ ಹಿಂದುಗಡೆ ರೂಮಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಅದರಲ್ಲೇ ಹಾಕೋಣ ಅನ್ನೋ ಯೋಚನೆ ಬಿಡಿ. ಚೆಸ್ಕಾಂ ಕರೆಂಟ್ ತೆಗೀತಾರೆ ಅನ್ನೋದು ದೊಡ್ಡ ಕಾರಣ ಅಲ್ಲ, ಯಾಕಂದ್ರೆ ನಿಮ್ಮ ಸರ್ವರ್ ಸಿಗದೇ ಇದ್ರೆ ಕಳಿಸೋ ಸರ್ವರು ಮತ್ತೆ ಮತ್ತೆ ಪ್ರಯತ್ನ ಮಾಡ್ತಾನೇ ಇರುತ್ತೆ, ಪೋಸ್ಟ್‌ಫಿಕ್ಸ್ ಆದ್ರೆ 5 ದಿನದವರೆಗೂ ಕ್ಯೂನಲ್ಲಿ ಇಟ್ಕೊಂಡಿರುತ್ತೆ, ಒಂದು ಮಧ್ಯಾಹ್ನ ಕರೆಂಟ್ ಇಲ್ಲ ಅಂತ ಮೇಲ್ ಕಳೆದುಹೋಗಲ್ಲ. ನಿಜವಾದ ತೊಂದರೆ ಐಪಿದು. ಮನೆ ಮತ್ತೆ ಅಂಗಡಿ ಬ್ರಾಡ್‌ಬ್ಯಾಂಡ್ ಐಪಿ ಬದಲಾಗ್ತಾ ಇರುತ್ತೆ, ಅಂಥ ಐಪಿಗಳನ್ನ ಸ್ಪ್ಯಾಮ್ ತಡೆಯೋ ಪಟ್ಟಿಗಳನ್ನ ಇಡೋ ಸ್ಪ್ಯಾಮ್‌ಹೌಸ್‌ನವರು ಪಿಬಿಎಲ್ ಅನ್ನೋ ಪಟ್ಟೀಲಿ ಹಾಕಿರ್ತಾರೆ, ಅಲ್ಲಿಂದ ಹೊರಟ ಮೇಲನ್ನ ಬಹಳ ಕಡೆ ಬಾಗಿಲಲ್ಲೇ ತಳ್ತಾರೆ.

ಒಂದು ವಿಪಿಎಸ್, ಅಂದ್ರೆ ಡೇಟಾ ಸೆಂಟರಲ್ಲಿ ಬಾಡಿಗೆಗೆ ಸಿಗೋ ಸರ್ವರು, ತಗೊಳ್ಳಿ. ದುಡ್ಡು ಕಟ್ಟೋಕೆ ಮುಂಚೆ ಎರಡು ಪ್ರಶ್ನೆ ಕೇಳಿ: ಹೊರಗೆ ಹೋಗೋ ಪೋರ್ಟ್ 25 (ಬೇರೆ ಸರ್ವರಿಗೆ ಮೇಲ್ ಹೋಗೋ ದಾರಿ) ತೆಗೆದುಕೊಡ್ತೀರಾ, ಐಪಿಗೆ ಪಿಟಿಆರ್ (ಈ ಐಪಿ ಯಾವ ಹೆಸರಿಂದು ಅಂತ ಹೇಳೋ ರೆಕಾರ್ಡು) ಹಾಕೋಕೆ ಆಗುತ್ತಾ. ಎರಡರಲ್ಲಿ ಒಂದಕ್ಕೆ ಇಲ್ಲ ಅಂದ್ರೂ ಬೇರೆ ಕಡೆ ನೋಡಿ. ಬಹಳ ಕ್ಲೌಡ್ ಕಂಪನಿಗಳು 25 ಅನ್ನ ಮುಚ್ಚೇ ಕೊಡೋದು. ರ‍್ಯಾಮ್ 4 ಜಿಬಿ ಇದ್ರೆ ನೆಮ್ಮದಿ, ವೈರಸ್ ಹುಡುಕೋ ಕ್ಲ್ಯಾಮ್‌ಎವಿ ಹಾಕಿದ್ರೆ ಅದೊಂದೇ 1 ಜಿಬಿಗಿಂತ ಮೇಲೆ ತಿನ್ನುತ್ತೆ.

ಸರ್ವರ್‌ಗೆ ಒಂದೇ ಹೆಸರು

ಮೂರು ಡೊಮೇನಿಗೆ ಮೂರು ಪಿಟಿಆರ್ ಬೇಕಲ್ವಾ ಅಂತ ತುಂಬಾ ಜನ ಗಾಬರಿ ಆಗ್ತಾರೆ, ಬೇಡ. ಸರ್ವರ್‌ಗೆ ಒಂದು ಹೆಸರು ಇಡಿ, ನಿಮ್ಮ ಡೊಮೇನುಗಳಲ್ಲಿ ಯಾವುದು ಎಂದೂ ಮಾರಲ್ಲ, ಬಿಡಲ್ಲ ಅಂತ ಗ್ಯಾರಂಟಿ ಇದೆಯೋ ಅದರ ಕೆಳಗೆ 'ಮೇಲ್' ಅಂತಲೋ 'ಎಂಎಕ್ಸ್1' ಅಂತಲೋ. ಆ ಹೆಸರಿನ ಎ ರೆಕಾರ್ಡು (ಹೆಸರಿಂದ ಐಪಿ ಹೇಳೋದು) ಐಪಿಗೆ ತೋರಿಸಬೇಕು, ಐಪಿಯ ಪಿಟಿಆರ್ ವಾಪಸ್ ಅದೇ ಹೆಸರಿಗೆ ತೋರಿಸಬೇಕು, ಪೋಸ್ಟ್‌ಫಿಕ್ಸ್ ಬೇರೆ ಸರ್ವರಿಗೆ ಹೆಲೋ (ಮೊದಲ ಪರಿಚಯ) ಹೇಳುವಾಗ್ಲೂ ಅದೇ ಹೆಸರು ಹೇಳಬೇಕು. ಮೂರೂ ಹೊಂದಿದ್ರೆ ಸಾಕು. ಐಪಿವಿ6 ಇದ್ರೆ ಅದಕ್ಕೂ ಪಿಟಿಆರ್ ಬೇಕೇ ಬೇಕು, ಜಿಮೇಲ್ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು, ಹಾಕೋಕೆ ಆಗಲ್ಲ ಅಂದ್ರೆ ಪೋಸ್ಟ್‌ಫಿಕ್ಸನ್ನ ಐಪಿವಿ4ನಲ್ಲಿ ಮಾತ್ರ ಕಳಿಸೋ ಹಾಗೆ ಮಾಡಿ.

ಇನ್ನು ಎಲ್ಲಾ ಡೊಮೇನಿನ ಎಂಎಕ್ಸ್ ರೆಕಾರ್ಡೂ (ಆ ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅನ್ನೋದು) ಈ ಒಂದೇ ಹೆಸರಿಗೆ ತೋರಿಸಲಿ. ಎಂಎಕ್ಸ್‌ಗೆ ನೇರವಾಗಿ ಐಪಿ ಹಾಕೋ ಹಾಗಿಲ್ಲ, ಸಿನೇಮ್ (ಇನ್ನೊಂದು ಹೆಸರಿಗೆ ತೋರಿಸೋ ಅಡ್ಡಹೆಸರು) ಆಗಿರೋ ಹೆಸರಿಗೂ ತೋರಿಸೋ ಹಾಗಿಲ್ಲ. ಔಟ್‌ಲುಕ್ಕಲ್ಲಿ, ಫೋನಲ್ಲಿ ಅಕೌಂಟ್ ಹಾಕುವಾಗ್ಲೂ ಎಲ್ಲರೂ ಇದೇ ಹೆಸರು ಹಾಕ್ಲಿ, ಮೇಲ್ ಓದೋ ಐಮ್ಯಾಪ್‌ಗೆ ಪೋರ್ಟ್ 993, ಕಳಿಸೋಕೆ 465 ಅಥವಾ 587. ಆಗ ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನ ಒಂದೇ ಸರ್ಟಿಫಿಕೇಟಲ್ಲಿ ಎಲ್ಲಾ ಮುಗಿಯುತ್ತೆ. 'ನಮ್ಮ ಹೋಮ್‌ಸ್ಟೇ ಹೆಸರೇ ಕಾಣ್ಬೇಕು' ಅಂತ ಹಠ ಮಾಡೋರಿಗೆ ಪೋಸ್ಟ್‌ಫಿಕ್ಸ್ 3.4ರಿಂದ ಎಸ್‌ಎನ್‌ಐ ಅನುಕೂಲ ಇದೆ, ಡೊಮೇನಿಗೊಂದು ಸರ್ಟಿಫಿಕೇಟು ಕೊಡಬಹುದು, ಆದ್ರೆ ಗ್ರಾಹಕರಿಗೆ ಕಾಣದೇ ಇರೋ ಒಂದು ಸೆಟ್ಟಿಂಗಿಗೆ ಅಷ್ಟು ಕೆಲಸ ಮೈಮೇಲೆ ಹಾಕ್ಕೋಬೇಡಿ.

ಎಲ್ಲರಿಗೂ 'ಇನ್ಫೋ' ಬೇಕು

ಇದೇ ಮುಖ್ಯವಾದ ಜಾಗ, ನಿಧಾನವಾಗಿ ನೋಡಿ. ಅಗರಬತ್ತಿಗೂ ಇನ್ಫೋ ಅನ್ನೋ ವಿಳಾಸ ಇದೆ, ಹೋಮ್‌ಸ್ಟೇಗೂ ಇನ್ಫೋ ಇದೆ. ಲಿನಕ್ಸಲ್ಲಿ ಇನ್ಫೋ ಅಂತ ಒಂದು ಯೂಸರ್ ಮಾಡಿ, ಎಲ್ಲಾ ಡೊಮೇನನ್ನೂ ಪೋಸ್ಟ್‌ಫಿಕ್ಸಿನ ಮೈಡೆಸ್ಟಿನೇಶನ್ (ಲಿನಕ್ಸ್ ಯೂಸರ್‌ಗಳಿಗೆ ಮೇಲ್ ಬರೋ ಡೊಮೇನುಗಳ ಪಟ್ಟಿ) ಅನ್ನೋ ಸಾಲಲ್ಲಿ ಸೇರಿಸಿಬಿಟ್ರೆ ಎರಡೂ ಕಡೆಯ ಮೇಲು ಒಂದೇ ಡಬ್ಬಿಗೆ ಬೀಳುತ್ತೆ, ರೂಮ್ ಬುಕಿಂಗ್ ಕೇಳಿದವರ ಮೇಲು ಅಗರಬತ್ತಿ ಲೆಕ್ಕ ಬರೆಯೋರ ಮುಂದೆ ಬರುತ್ತೆ. ಅದಕ್ಕೇ ವರ್ಚುಯಲ್ ಮೇಲ್‌ಬಾಕ್ಸ್ ಇರೋದು. ಇದರಲ್ಲಿ ಲಿನಕ್ಸ್ ಯೂಸರ್‌ಗೂ ಮೇಲಿಗೂ ಸಂಬಂಧವೇ ಇರಲ್ಲ, ವಿಮೇಲ್ ಅಂತ ಒಬ್ಬನೇ ಯೂಸರ್ ಎಲ್ಲಾ ಫೈಲಿಗೂ ಮಾಲೀಕ, ಡಿಸ್ಕಲ್ಲಿ ಡೊಮೇನಿಗೊಂದು ಫೋಲ್ಡರು, ಅದರೊಳಗೆ ಒಬ್ಬೊಬ್ಬರದು ಒಂದೊಂದು. ಲಾಗಿನ್ ಹೆಸರು ಪೂರ್ತಿ ಇಮೇಲ್ ವಿಳಾಸವೇ ಆಗಿರಬೇಕು, ಬರೀ ಇನ್ಫೋ ಅಲ್ಲ.

ಡೊಮೇನ್ ಪಟ್ಟಿ, ಮೇಲ್‌ಬಾಕ್ಸ್ ಪಟ್ಟಿ, ಏಲಿಯಾಸ್ (ಬೇರೆ ಡಬ್ಬಿಗೆ ಕಳಿಸೋ ವಿಳಾಸ) ಪಟ್ಟಿ ಮೂರನ್ನೂ ಮರಿಯಾಡಿಬಿ ಥರ ಒಂದು ಡೇಟಾಬೇಸಲ್ಲಿಟ್ಟು ಪೋಸ್ಟ್‌ಫಿಕ್ಸ್ ಅಡ್ಮಿನ್ ಹಾಕ್ಕೊಂಡ್ರೆ ಹೊಸ ಡೊಮೇನ್ ಸೇರಿಸೋದು ಬ್ರೌಸರಲ್ಲೇ ಆಗುತ್ತೆ. ಮೂರು ಡೊಮೇನು ಹತ್ತು ವಿಳಾಸ ಅಷ್ಟೇ ಅಂದ್ರೆ ಸಾದಾ ಟೆಕ್ಸ್ಟ್ ಫೈಲೇ ಸಾಕು, ನನ್ನ ಕೇಳಿದ್ರೆ ಅದೇ ವಾಸಿ, ಕೆಡೋಕೆ ಒಂದು ಕಡಿಮೆ. ಫೈಲ್ ಬದಲಾಯಿಸಿದ ಮೇಲೆ ಪೋಸ್ಟ್‌ಮ್ಯಾಪ್ (ಫೈಲನ್ನ ಪೋಸ್ಟ್‌ಫಿಕ್ಸ್ ಓದೋ ರೂಪಕ್ಕೆ ತರೋ ಕಮಾಂಡು) ಓಡಿಸೋದು ಮರೀಬೇಡಿ.

ಒಂದು ಡೊಮೇನು ಒಂದೇ ಪಟ್ಟೀಲಿ ಇರಬೇಕು. ಮೈಡೆಸ್ಟಿನೇಶನ್‌ನಲ್ಲೂ ಇಟ್ಟು ವರ್ಚುಯಲ್ ಪಟ್ಟೀಲೂ ಇಟ್ರೆ ಎರಡರಲ್ಲೂ ಹಾಕಬೇಡ ಅಂತ ಲಾಗಲ್ಲಿ ಎಚ್ಚರಿಕೆ ಬರ್ತಾನೇ ಇರುತ್ತೆ, ಮೇಲು ವರ್ಚುಯಲ್ ಡಬ್ಬಿಗೆ ಹೋಗಲ್ಲ.

ಅಗರಬತ್ತಿಯ ಡಾಟ್ ಇನ್‌ಗೆ ಬೇರೆ ಡಬ್ಬಿ ಬೇಡ, ಅದನ್ನ ಡಾಟ್ ಕಾಮ್‌ಗೆ ಏಲಿಯಾಸ್ ಡೊಮೇನ್ ಮಾಡಿ. ಆದ್ರೆ 'ಡಾಟ್ ಇನ್‌ಗೆ ಬಂದಿದ್ದೆಲ್ಲ ಡಾಟ್ ಕಾಮ್‌ಗೆ' ಅಂತ ಒಂದೇ ಸಾಲು ಬರೆದ್ರೆ ಪೋಸ್ಟ್‌ಫಿಕ್ಸು ಡಾಟ್ ಇನ್‌ನಲ್ಲಿ ಇಲ್ಲದೇ ಇರೋ ವಿಳಾಸಕ್ಕೆ ಬಂದ ಮೇಲನ್ನೂ ಒಳಗೆ ತಗೊಂಡುಬಿಡುತ್ತೆ, ಆಮೇಲೆ ಅಂಥ ಡಬ್ಬಿ ಇಲ್ಲ ಅಂತ ಗೊತ್ತಾಗಿ ಕಳಿಸಿದವರಿಗೆ ವಾಪಸ್ ಬೌನ್ಸ್ ಮಾಡುತ್ತೆ. ಸ್ಪ್ಯಾಮ್ ಕಳಿಸೋರು ಬೇರೆಯವರ ವಿಳಾಸ ಹಾಕಿರ್ತಾರೆ, ಆ ಬೌನ್ಸೆಲ್ಲ ಯಾವುದೋ ಪಾಪದವರ ಇನ್‌ಬಾಕ್ಸಿಗೆ ಹೋಗಿ ನಿಮ್ಮ ಐಪಿ ಹೆಸರು ಕೆಡುತ್ತೆ. ಒಂದೊಂದು ವಿಳಾಸಕ್ಕೂ ಒಂದೊಂದು ಸಾಲು ಬರೀರಿ, ಇಲ್ಲದ ವಿಳಾಸಕ್ಕೆ ಬಾಗಿಲಲ್ಲೇ 550 (ಅಂಥ ವಿಳಾಸ ಇಲ್ಲ) ಅಂತ ಹೇಳಿ ಕಳಿಸ್ಲಿ. ಕ್ಯಾಚ್-ಆಲ್ (ಇಲ್ಲದ ವಿಳಾಸಕ್ಕೆ ಬಂದಿದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕೋದು) ಕೂಡ ಬೇಡ ಅಂತೀನಿ, ಯಾವ್ಯಾವುದೋ ಹೆಸರಿಗೆ ಬರೋ ಸ್ಪ್ಯಾಮೆಲ್ಲ ತುಂಬ್ಕೊಳ್ಳುತ್ತೆ. ಪ್ರತಿ ಡೊಮೇನಿಗೂ ಪೋಸ್ಟ್‌ಮಾಸ್ಟರ್ ಮತ್ತೆ ಅಬ್ಯೂಸ್ ಅಂತ ಎರಡು ಏಲಿಯಾಸ್ ಮಾತ್ರ ಇರಲೇಬೇಕು, ಅದನ್ನ ನೀವು ಓದಲೂಬೇಕು.

ಡಿಎನ್‌ಎಸ್ ಕೆಲಸ ಪ್ರತಿ ಡೊಮೇನಿಗೂ

ಡಿಎನ್‌ಎಸ್ ಅಂದ್ರೆ ಡೊಮೇನಿನ ರೆಕಾರ್ಡುಗಳನ್ನ ಎಲ್ಲರಿಗೂ ತೋರಿಸೋ ವ್ಯವಸ್ಥೆ. ಅದರಲ್ಲಿ ಎಸ್‌ಪಿಎಫ್, ಅಂದ್ರೆ ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನೋ ಪಟ್ಟಿ, ಸುಲಭ. ಮೇಲ್ ಹೋಗೋದು ಬರೋದು ಒಂದೇ ಸರ್ವರಿಂದ ಅಂದ್ರೆ 'ಎಂಎಕ್ಸ್' ಅಂತ ಹಾಕಿ ಕೊನೇಲಿ 'ಮೈನಸ್ ಆಲ್' (ಬೇರೆ ಯಾರೂ ಕಳಿಸೋ ಹಾಗಿಲ್ಲ) ಹಾಕಿದ್ರೆ ಆಯ್ತು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ರೆಕಾರ್ಡು, ಎರಡಿದ್ರೆ ಎರಡೂ ಕೆಲಸಕ್ಕೆ ಬರಲ್ಲ. ವೆಬ್‌ಸೈಟ್ ಫಾರ್ಮು, ಬಿಲ್ಲಿಂಗ್ ಸಾಫ್ಟ್‌ವೇರು ಬೇರೆ ಕಡೆಯಿಂದ ನಿಮ್ಮ ಹೆಸರಲ್ಲಿ ಕಳಿಸುತ್ತೆ ಅಂದ್ರೆ ಅದನ್ನೂ ಇದೇ ರೆಕಾರ್ಡೊಳಗೆ ಸೇರಿಸಿ, ಒಟ್ಟು ಡಿಎನ್‌ಎಸ್ ಹುಡುಕಾಟ 10 ದಾಟಬಾರದು.

ಡಿಕಿಮ್ ಪ್ರತಿ ಡೊಮೇನಿಗೂ ಅದರದೇ ಕೀ, 2048 ಬಿಟ್‌ದು. ಸಹಿ ಹಾಕೋ ಸಾಫ್ಟ್‌ವೇರು ಓಪನ್‌ಡಿಕಿಮ್ ಆಗ್ಲಿ ಆರ್‌ಸ್ಪ್ಯಾಮ್‌ಡಿ ಆಗ್ಲಿ, ಯಾವ ಡೊಮೇನಿಂದ ಹೊರಟ ಮೇಲಿಗೆ ಯಾವ ಕೀಲಿ ಸಹಿ ಅಂತ ಬರೆದಿಡಬೇಕು. ಎಲ್ಲದಕ್ಕೂ ಅಗರಬತ್ತಿ ಡೊಮೇನಿನ ಸಹಿ ಹಾಕಿ ಕಳಿಸಿದ್ರೆ ಡಿಕಿಮ್ ಪಾಸ್ ಅಂತಲೇ ಬರುತ್ತೆ, ಆದ್ರೆ ಡಿಮಾರ್ಕ್ (ಫ್ರಮ್ ಹೆಸರು ಖೋಟಾ ಅನ್ಸಿದ್ರೆ ಏನ್ಮಾಡ್ಬೇಕು ಅನ್ನೋ ನಿಯಮ) ಕೇಳೋದು ಸಹಿ ಮಾಡಿದ ಡೊಮೇನೂ ಫ್ರಮ್‌ನಲ್ಲಿರೋ ಡೊಮೇನೂ ಹೊಂದುತ್ತಾ ಅಂತ, ಅಲ್ಲಿ ಅದು ಲೆಕ್ಕಕ್ಕೆ ಬರಲ್ಲ. ಕೀ ಉದ್ದ ಇರೋದ್ರಿಂದ ಟೆಕ್ಸ್ಟ್ ರೆಕಾರ್ಡಲ್ಲಿ 255 ಅಕ್ಷರಕ್ಕೊಂದು ತುಂಡು ಮಾಡಬೇಕಾಗುತ್ತೆ, ಕೆಲವು ಡಿಎನ್‌ಎಸ್ ಪ್ಯಾನೆಲ್ ತಾನೇ ಮಾಡ್ಕೊಳ್ಳುತ್ತೆ. ಇನ್ನೊಂದು, ಸುಮಾರು ಪ್ಯಾನೆಲ್‌ಗಳು ನೀವು ಹಾಕಿದ ಹೆಸರಿನ ಹಿಂದೆ ಡೊಮೇನನ್ನ ತಾವೇ ಅಂಟಿಸುತ್ವೆ, ನೀವೂ ಪೂರ್ತಿ ಹೆಸರು ಹಾಕಿರ್ತೀರ, ಡೊಮೇನು ಎರಡು ಸಲ ಬಂದು ರೆಕಾರ್ಡು ಯಾರಿಗೂ ಸಿಗಲ್ಲ. ಸೇವ್ ಮಾಡಿದ ಮೇಲೆ ಡಿಗ್ ಅನ್ನೋ ಕಮಾಂಡ್ ಹಾಕಿ ಕಣ್ಣಾರೆ ನೋಡಿ.

ಡಿಮಾರ್ಕನ್ನ ಮೊದಲು 'ನನ್' (none, ಏನೂ ತಡೀಬೇಡಿ) ಅಂತ ಇಟ್ಟು ವರದಿಗಳು ನಿಮಗೆ ಬರೋ ಹಾಗೆ ಮಾಡಿ, ಕೆಲವು ವಾರ ಓದಿ, ಗೊತ್ತಿಲ್ಲದ ಕಡೆಯಿಂದ ನಿಮ್ಮದೇ ಮೇಲು ಹೋಗ್ತಿಲ್ಲ ಅಂತ ಖಾತ್ರಿ ಆದ ಮೇಲೆ ಕ್ವಾರಂಟೈನ್ (ಸ್ಪ್ಯಾಮಿಗೆ ಹಾಕಿ), ಆಮೇಲೆ ರಿಜೆಕ್ಟ್ (ತಗೋಬೇಡಿ). ಫೆಬ್ರವರಿ 2024ರಿಂದ ಜಿಮೇಲ್‌ನವರು ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ ಮಾಡಿದಾರೆ, ದಿನಕ್ಕೆ 5000ದ ಹತ್ತಿರ ಅಥವಾ ಅದಕ್ಕಿಂತ ಜಾಸ್ತಿ ಕಳಿಸೋರಿಗೆ ಮೂರೂ ಬೇಕು. ನಿಮ್ಮದು ದಿನಕ್ಕೆ ಐವತ್ತೇ ಮೇಲಾದ್ರೂ ಮೂರನ್ನೂ ಹಾಕಿ. ಸುಮ್ನೆ ಕೊಂಡಿಟ್ಟಿರೋ, ಮೇಲೇ ಬಳಸದ ಡೊಮೇನಿಗೂ ಎಸ್‌ಪಿಎಫ್‌ನಲ್ಲಿ ಬರೀ 'ಮೈನಸ್ ಆಲ್', ಡಿಮಾರ್ಕಲ್ಲಿ ರಿಜೆಕ್ಟ್ ಹಾಕಿಡಿ, ಇಲ್ಲಾಂದ್ರೆ ಅದರ ಹೆಸರಲ್ಲಿ ಯಾರೋ ಮೋಸದ ಬಿಲ್ ಕಳಿಸ್ತಾರೆ.

ಯಾರ ಹೆಸರಲ್ಲಿ ಯಾರು

ಬೆಲ್ಲದ ಲಾಗಿನ್ ಇರೋ ಹುಡುಗ ಫ್ರಮ್ ಜಾಗದಲ್ಲಿ ಹೋಮ್‌ಸ್ಟೇ ವಿಳಾಸ ಹಾಕಿ ಕಳಿಸೋಕೆ ಆಗಬಾರದು. ಪೋಸ್ಟ್‌ಫಿಕ್ಸ್ ತಾನಾಗೇ ಇದನ್ನ ತಡೆಯಲ್ಲ, ಸೆಂಡರ್ ಲಾಗಿನ್ ಮ್ಯಾಪ್ಸ್ ಅನ್ನೋ ಪಟ್ಟಿ ಕೊಟ್ಟು ರಿಜೆಕ್ಟ್ ಸೆಂಡರ್ ಲಾಗಿನ್ ಮಿಸ್‌ಮ್ಯಾಚ್ ಹಾಕಬೇಕು. ಇದು ತಡೆಯೋದು ಎನ್ವಲಪ್ ವಿಳಾಸ (ಸರ್ವರುಗಳು ತಮ್ಮೊಳಗೆ ಹೇಳ್ಕೊಳ್ಳೋದು) ಮಾತ್ರ, ಹೆಡರಲ್ಲಿ ಕಾಣೋ ಫ್ರಮ್ ಅನ್ನೂ ಹಿಡೀಬೇಕಂದ್ರೆ ಮಿಲ್ಟರ್ (ಮೇಲನ್ನ ಪರೀಕ್ಷೆ ಮಾಡೋ ಜೊತೆ ಪ್ರೋಗ್ರಾಂ) ಬೇಕು. ಗಂಟೆಗಿಷ್ಟೇ ಮೇಲು ಅಂತ ಮಿತಿನೂ ಹಾಕಿ, ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕೋ ಐಪಿಯನ್ನ ತಡೆಯೋ ಫೇಲ್‌ಟುಬ್ಯಾನ್ ಓಡ್ತಾ ಇರಲಿ. ಒಬ್ಬರ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದ್ರೆ ಸಾಕು, ರಾತ್ರಿ ಹೊತ್ತಲ್ಲಿ ಸಾವಿರಾರು ಸ್ಪ್ಯಾಮು ನಿಮ್ಮ ಐಪಿಯಿಂದ ಹೊರಟು ಬೆಳಿಗ್ಗೆಗೆ ಮೂರೂ ವ್ಯಾಪಾರದ ಮೇಲು ನಿಂತಿರುತ್ತೆ.

ಐಪಿ ಒಂದೇ ಅನ್ನೋದು ಇಲ್ಲೇ ಕಚ್ಚೋದು. ದಸರಾ ಹತ್ರ ಬಂತು ಅಂದ್ರೆ ಹೋಮ್‌ಸ್ಟೇಯವರಿಗೆ ಹಳೇ ಅತಿಥಿಗಳಿಗೆಲ್ಲ ಆಫರ್ ಕಳಿಸೋ ಆಸೆ ಬರುತ್ತೆ, ಸಹಜ. ಆದ್ರೆ ಎರಡು ಸಾವಿರ ಜನಕ್ಕೆ ಒಟ್ಟಿಗೆ ಹೋದ್ರೆ ಕೆಲವರು ಸ್ಪ್ಯಾಮ್ ಬಟನ್ ಒತ್ತೇ ಒತ್ತುತಾರೆ, ಮಾರನೇ ದಿನ ಅಗರಬತ್ತಿಯವರು ಡೀಲರಿಗೆ ಕಳಿಸಿದ ಇನ್‌ವಾಯ್ಸೂ ಸ್ಪ್ಯಾಮಲ್ಲಿ ಕೂತಿರುತ್ತೆ. ಗುಂಪು ಮೇಲು ಈ ಸರ್ವರಿಂದ ಬೇಡವೇ ಬೇಡ. ಅದಕ್ಕೆ ಅಂತಲೇ ಇರೋ ಸೇವೆ ತಗೊಂಡು ಒಂದು ಸಬ್‌ಡೊಮೇನಿಂದ ಕಳಿಸಿ.

ಮಾಲೀಕರು ತಮ್ಮ ಜಿಮೇಲಿಗೆ ಎಲ್ಲಾ ಫಾರ್ವರ್ಡ್ ಮಾಡಿಕೊಡಿ ಅಂತಾರೆ, ಒಪ್ಕೋಬೇಡಿ. ಫಾರ್ವರ್ಡ್ ಆದ ಮೇಲಿನ ಎಸ್‌ಪಿಎಫ್ ಮುರಿಯುತ್ತೆ, ಬಂದ ಸ್ಪ್ಯಾಮೂ ನಿಮ್ಮ ಐಪಿಯಿಂದ ಹೋದ ಹಾಗೆ ಕಾಣುತ್ತೆ. ಫೋನಿನ ಜಿಮೇಲ್ ಆ್ಯಪಲ್ಲೇ ಐಮ್ಯಾಪ್ ಅಕೌಂಟ್ ಸೇರಿಸಿಕೊಡಿ, ಒಂದೇ ಕಡೆ ಎಲ್ಲಾ ಕಾಣುತ್ತೆ ಅಂದ್ರೆ ಖುಷಿನೇ.

ಬದಲಾಯಿಸುವಾಗ

ಮೊದಲು ಸರ್ವರಲ್ಲಿ ಡೊಮೇನು, ಡಬ್ಬಿ ಎಲ್ಲಾ ರೆಡಿ ಇರಬೇಕು, ಆಮೇಲೇ ಎಂಎಕ್ಸ್ ತಿರುಗಿಸೋದು. ಒಂದು ದಿನ ಮುಂಚೆ ಎಂಎಕ್ಸ್‌ನ ಟಿಟಿಎಲ್ (ಹಳೇ ಉತ್ತರವನ್ನ ಬೇರೆಯವರು ಎಷ್ಟು ಸೆಕೆಂಡ್ ನೆನಪಿಟ್ಕೋಬೇಕು ಅನ್ನೋದು) 300ಕ್ಕೆ ಇಳಿಸಿ. ಹಳೇ ಮೇಲನ್ನ ಐಮ್ಯಾಪ್‌ಸಿಂಕಲ್ಲಿ ತಂದ್ಕೊಳ್ಳಿ, ಎಂಎಕ್ಸ್ ತಿರುಗಿಸಿ ಎರಡು ದಿನ ಆದ್ಮೇಲೆ ಇನ್ನೊಂದು ಸಲ ಓಡಿಸಿ, ಹಳೇ ಕಡೆಗೆ ಬಿದ್ದಿರೋದೂ ಬರುತ್ತೆ. ಒಂದೊಂದೇ ಡೊಮೇನು ತನ್ನಿ, ಮೂರನ್ನೂ ಒಂದೇ ಭಾನುವಾರ ಬೇಡ.

ಆಮೇಲೆ ಪ್ರತಿ ಡೊಮೇನಿಂದ ಒಂದು ಜಿಮೇಲಿಗೆ ಕಳಿಸಿ 'ಶೋ ಒರಿಜಿನಲ್' ತೆಗೆದು ನೋಡಿ, ಎಸ್‌ಪಿಎಫ್ ಡಿಕಿಮ್ ಡಿಮಾರ್ಕ್ ಮೂರರ ಮುಂದೂ ಪಾಸ್ ಇರಬೇಕು. ಹೊರಗಿಂದ ಬರೋ ಮೇಲಿಗೆ '554 ರಿಲೇ ಆಕ್ಸೆಸ್ ಡಿನೈಡ್' ಅಂದ್ರೆ ಎಂಎಕ್ಸ್ ನಿಮ್ಮ ಕಡೆ ತಿರುಗಿದೆ, ಸರ್ವರ್ ಪಟ್ಟೀಲಿ ಮಾತ್ರ ಆ ಡೊಮೇನಿಲ್ಲ. 10 ಎಂಬಿ ಅಟ್ಯಾಚ್‌ಮೆಂಟ್ ಹೋಗ್ತಿಲ್ಲ ಅಂದ್ರೆ ಪೋಸ್ಟ್‌ಫಿಕ್ಸ್ ಮಿತಿ ಮಾಮೂಲಾಗಿ ಸುಮಾರು 10 ಎಂಬಿ ಇರುತ್ತೆ, ಅಟ್ಯಾಚ್‌ಮೆಂಟು ಮೇಲಲ್ಲಿ ಕೂತಾಗ ಮೂರನೇ ಒಂದು ಭಾಗ ಊದುತ್ತೆ, ಅದನ್ನ ಏರಿಸಿ. ಇದ್ದಕ್ಕಿದ್ದ ಹಾಗೆ ಹೊರಗಿಂದ ಬರೋ ಎಲ್ಲರ ಇಮೇಲೂ ಸ್ಪ್ಯಾಮ್‌ಹೌಸ್ ಪಟ್ಟೀಲಿದೆ ಅಂತ ರಿಜೆಕ್ಟ್ ಆಗ್ತಿದ್ರೆ ಸರ್ವರು ಗೂಗಲ್‌ನ 8.8.8.8 ಥರದ ಡಿಎನ್‌ಎಸ್ ಬಳಸ್ತಿದೆಯಾ ನೋಡಿ, ಅಲ್ಲಿಂದ ಕೇಳಿದ್ರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡಲ್ಲ, ಎರರ್ ಕೋಡ್ ಕೊಡುತ್ತೆ, ಅದನ್ನೇ ನಿಮ್ಮ ಸರ್ವರು ಪಟ್ಟೀಲಿದೆ ಅಂತ ತಿಳ್ಕೊಂಡಿರುತ್ತೆ. ಸರ್ವರಲ್ಲೇ ಅನ್‌ಬೌಂಡ್ ಅನ್ನೋ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕ್ಕೊಳ್ಳಿ.

ಬ್ಯಾಕಪ್ಪಲ್ಲಿ ಮೇಲಿನ ಫೋಲ್ಡರ್ ಜೊತೆ ಡೇಟಾಬೇಸು, ಡಿಕಿಮ್ ಪ್ರೈವೇಟ್ ಕೀಗಳೂ ಇರಲಿ, ಬೇರೆ ಊರಿನ ಡಿಸ್ಕಿಗೆ ಹೋಗಲಿ. ಡೊಮೇನು ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ರೆ ಮಾಲೀಕರ ಹೆಸರಿಗೆ ಮಾಡಿಸಿ, ರಿನ್ಯೂವಲ್ ನೆನಪಿಸೋ ಮೇಲು ಅದೇ ಡೊಮೇನಿಗೆ ಬರೋ ಹಾಗಂತೂ ಇಡಬೇಡಿ, ಅವಧಿ ಮುಗಿದ್ರೆ ಆ ಮೇಲೂ ಬರಲ್ಲ.

ಮುಂದೆ ಯಾವಾಗ್ಲಾದ್ರೂ ಅಳಿಯ ಬೇರೆ ಆಫೀಸ್ ಮಾಡಿ ಬೆಲ್ಲದ ಮೇಲನ್ನ ಗೂಗಲ್ ವರ್ಕ್‌ಸ್ಪೇಸಿಗೆ ತಗೊಂಡು ಹೋದ್ರೆ ಎಂಎಕ್ಸ್ ತಿರುಗಿದ ತಕ್ಷಣ ನಿಮ್ಮ ಪಟ್ಟಿಯಿಂದ ಆ ಡೊಮೇನನ್ನ ತೆಗೀರಿ. ಬಿಟ್ಟಿದ್ರೆ ಹೊರಗಿನವರ ಮೇಲೆಲ್ಲ ಅವನಿಗೆ ಸರಿಯಾಗಿ ತಲುಪ್ತಿರುತ್ತೆ, ಮಾವ ಕಳಿಸಿದ್ದು ಮಾತ್ರ ಇದೇ ಸರ್ವರಿನ ಹಳೇ ಡಬ್ಬೀಲಿ ಬಿದ್ದಿರುತ್ತೆ, ಬೌನ್ಸೂ ಬರಲ್ಲ, ಲಾಗಲ್ಲಿ ತಲುಪಿದೆ ಅಂತಲೇ ಇರುತ್ತೆ.