ಮುಂದಿನ ರಸ್ತೆಯ ಸುದ್ದಿ ಲಾರಿಗೆ ಮುಟ್ಟಿಸಿದ್ದು ಹೀಗೆ

ತಾನೇ ಓಡುವ ಲಾರಿ ಅಂದ ಕೂಡಲೇ ಎಲ್ಲರೂ ಕ್ಯಾಮೆರಾ, ರೇಡಾರ್ ಬಗ್ಗೆ ಕೇಳುತ್ತಾರೆ. ನನ್ನ ಕೆಲಸ ಇದ್ದದ್ದು ಹೆದ್ದಾರಿ ಬದಿಯ ಕಂಬಗಳಲ್ಲಿ, ಅಲ್ಲಿಂದ ಲಾರಿಗೆ ಸುದ್ದಿ ಕಳಿಸುವ ರೇಡಿಯೊಗಳಲ್ಲಿ.

ತಿರುವಿನ ಆಚೆ ವಾಹನಗಳು ಸಾಲುಗಟ್ಟಿ ನಿಂತಿದ್ದರೆ ಲಾರಿಯ ಸೆನ್ಸರ್‌ಗೆ ಕಾಣುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 22 ಮೀಟರ್ ಸಾಗುತ್ತಿರುತ್ತದೆ, ಲೋಡ್ ತುಂಬಿದ್ದರೆ ನಿಲ್ಲಲು ಕಾರಿಗಿಂತ ಎಷ್ಟೋ ಜಾಸ್ತಿ ಜಾಗ ಬೇಕು. 300 ಮೀಟರ್ ಮುಂಚೆ ತಿಳಿದರೆ ಕೈಯಲ್ಲಿರುವುದು 13 ಸೆಕೆಂಡು, ಒಂದು ಕಿಲೋಮೀಟರ್ ಮುಂಚೆ ತಿಳಿದರೆ 45. ಅದಕ್ಕೇ ತಿರುವಿನ ಸುದ್ದಿಯನ್ನು ಫೈಬರ್ ಮೂಲಕ ಹಿಂದಿನ ಕಂಬಕ್ಕೆ ತಂದು, ಅಲ್ಲಿಂದ ಬಿತ್ತರಿಸಿದೆ.

ಆಂಟೆನಾ ಕೂರಿಸುವುದೇ ದೊಡ್ಡ ಕೆಲಸ. ಈ ರೇಡಿಯೊಗಳು ಬಳಸುವ 5.9 ಗಿಗಾಹರ್ಟ್ಸ್ ಅಲೆ ಕಂಟೇನರ್‌ನ ಕಬ್ಬಿಣ ದಾಟುವುದಿಲ್ಲ. ಕ್ಯಾಬಿನ್ ಮೇಲೆ ಒಂದೇ ಇಟ್ಟರೆ ಎತ್ತರದ ಟ್ರೇಲರ್ ಹಿಂದಿನ ದಿಕ್ಕನ್ನೆಲ್ಲ ಮುಚ್ಚುತ್ತದೆ. ಹಾಗಾಗಿ ಎರಡೂ ಕನ್ನಡಿಗಳ ತೋಳಿಗೆ ಒಂದೊಂದು ಹಾಕಿದೆ. ತಿರುವಿನಲ್ಲಿ ಒಂದು ಮರೆಯಾದರೂ ಇನ್ನೊಂದು ಕೇಳಿಸಿಕೊಳ್ಳುತ್ತದೆ.

ಆಮೇಲೆ ಬಂತು ನೋಡಿ, ಯಾರಿಗೆ ಹೇಳಬೇಕು ಅನ್ನುವ ಪ್ರಶ್ನೆ. ರಸ್ತೆಯ ಒಂದು ಬದಿಯಲ್ಲಿ ರಿಪೇರಿ ನಡೆಯುತ್ತಿದ್ದರೆ ಎದುರು ಬದಿಯ ಲಾರಿಗೂ ಅದೇ ರೇಡಿಯೊ ಕೇಳಿಸುತ್ತದೆ, ಅದು ಸುಮ್ನೆ ಬ್ರೇಕ್ ಹಾಕಿದರೆ ಹಿಂದೆ ಬರುವವರ ಗತಿ ಏನು? ಪ್ರತಿ ಸಂದೇಶದಲ್ಲೂ ದಿಕ್ಕು, ರಸ್ತೆಯ ಗೆರೆ, ಅಗಲ ಎಲ್ಲ ಸೇರಿಸಿದೆ. ಲಾರಿಗೆ ತಾನು ಯಾವ ಲೇನ್‌ನಲ್ಲಿದ್ದೇನೆ ಅಂತಲೂ ಗೊತ್ತಿರಬೇಕು. ಲೇನ್ ಅಗಲ ಸುಮಾರು 3.5 ಮೀಟರ್, ಮಾಮೂಲಿ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದೇ ಕಂಬದಿಂದ ಜಿಪಿಎಸ್ ತಿದ್ದುಪಡಿ ಕಳಿಸಿದರೆ ಲೆಕ್ಕ ಸೆಂಟಿಮೀಟರ್‌ಗೆ ಇಳಿಯುತ್ತದೆ. ಸೇತುವೆ ಕೆಳಗೆ ಅದೂ ಕೈಕೊಡುತ್ತದೆ, ಅಲ್ಲಿ ಯಾವ ಲೇನ್ ಅನ್ನುವುದನ್ನು ನಂಬಿ ತೀರ್ಮಾನ ಮಾಡಬೇಡ ಅಂತಲೇ ಲಾರಿಯ ಸಾಫ್ಟ್‌ವೇರ್‌ಗೆ ಹೇಳಿಟ್ಟೆ.

ರೇಡಿಯೊ ಆಯ್ಕೆ ಬಗ್ಗೆ ಒಂದು ಮಾತು. ವಾಹನಕ್ಕೆ ಸುದ್ದಿ ಕಳಿಸಲು ಎರಡು ರೇಡಿಯೊ ಪದ್ಧತಿಗಳಿವೆ: ವೈಫೈ ಕುಟುಂಬದ ಡಿಎಸ್‌ಆರ್‌ಸಿ, ಮೊಬೈಲ್ ಕುಟುಂಬದ ಸಿ-ವಿ2ಎಕ್ಸ್. ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2020ರಲ್ಲಿ 5.9 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಇಂಥ ರೇಡಿಯೊಗಳಿಗೆ ಇದ್ದ ಜಾಗವನ್ನು 75 ಮೆಗಾಹರ್ಟ್ಸ್‌ನಿಂದ 30ಕ್ಕೆ ಇಳಿಸಿ ಎರಡನೆಯದರ ಕಡೆ ವಾಲಿತು. ನಿಯಮ ಹೀಗೆ ಬದಲಾಗುವಾಗ ಕಂಬದಲ್ಲಿ ರೇಡಿಯೊ ಮಾತ್ರ ಕಳಚಿ ಬದಲಿಸುವ ಹಾಗಿರಬೇಕು, ಅಲ್ವಾ? ನಾನು ಹಾಗೇ ಮಾಡಿದೆ.

ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ಆದರೆ ಸಹಿ ಹೇಳುವುದು ಕಳಿಸಿದವರು ಯಾರು, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲ ಅಂತ ಮಾತ್ರ. ಕೋನ್‌ಗಳನ್ನು ಎತ್ತಿ ಕೆಲಸದವರು ಹೋದ ಮೇಲೂ 'ಮುಂದೆ ಕಾಮಗಾರಿ' ಅಂತ ಕಂಬ ಹೇಳುತ್ತಲೇ ಇದ್ದರೆ ಆ ಸಹಿ ಏನೂ ಮಾಡಲಾರದು. ಪ್ರತಿ ಸಂದೇಶಕ್ಕೂ ಅವಧಿ ಇಟ್ಟೆ, ಸ್ಥಳದಲ್ಲಿರುವ ಮೇಲ್ವಿಚಾರಕರು ನವೀಕರಿಸದಿದ್ದರೆ ಅದು ತಾನೇ ಅಳಿಯುತ್ತದೆ.

ಇಷ್ಟಾದರೂ ರೇಡಿಯೊ ಮಾತು ಕೇಳಿ ಲಾರಿ ಗಟ್ಟಿಯಾಗಿ ಬ್ರೇಕ್ ಒತ್ತಲು ನಾನು ಬಿಡಲಿಲ್ಲ. ಸಂದೇಶ ಬಂದಾಗ ವೇಗ ಇಳಿಸಬೇಕು, ಮುಂದಿನ ವಾಹನದಿಂದ ಅಂತರ ಹೆಚ್ಚಿಸಬೇಕು, ಅಷ್ಟೇ. ಗಟ್ಟಿ ಬ್ರೇಕ್ ಹಾಕುವ ತೀರ್ಮಾನ ಲಾರಿಯ ಸ್ವಂತ ರೇಡಾರ್, ಕ್ಯಾಮೆರಾಗಳದ್ದೇ.